ಆರು ಫೂಟಿನ ಹಲಗೆ

ಹುಕ್ಕೇರಿ
ತಾ. ೨೭-೪-೧೯೩೬

ಮೂಡಲಗಿಯ ಕಟ್ಟಿಗೆ ವಖಾರಿಯ ಲಗಮಪ್ಪನಿಗೆ,

ಪತ್ರದ ಮೊದಲಿಗೆ ಕ್ಷೇಮ ಬರೆಯುವುದು ರೂಢಿ. ನಾನು ಕ್ಷೇಮವಾಗಿಲ್ಲ, ನಿನ್ನ ಕ್ಷೇಮ ಕೇಳುವ ಕಾರಣವೂ ನನಗೆ ಕಾಣುವುದಿಲ್ಲ. ತಂಗಿ ಬಾಳವ್ವನನ್ನು ನಿನಗೆ ಕೊಟ್ಟು ಇಪ್ಪತ್ತು ವರ್ಷವಾಯಿತು, ಒಂದು ಕಾಗದ ಬರೆದವನಲ್ಲ. ಈಗ ಬರೆಯುತ್ತಿರುವುದೂ ತಂಗಿಯ ಗಂಡನಿಗಲ್ಲ, ಕಟ್ಟಿಗೆ ಮಾರುವವನಿಗೆ.

ಹೋದ ಗುರುವಾರ ನಮ್ಮ ಮಹಡಿಯ ನೆಲ ಮುರಿದು ನನ್ನ ಬಲಗಾಲು ಮೊಳಕಾಲಿನವರೆಗೆ ಕೆಳಗಿಳಿಯಿತು. ಕೆಳಗೆ ಪಡಸಾಲೆಯಲ್ಲಿ ನನ್ನ ಹೆಂಡತಿ ಲಕ್ಕವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಜಂತಿಗಳ ನಡುವೆ ಒಂದು ಕಾಲು ಜೋತಾಡುವುದನ್ನು ಕಂಡು, "ಯಾರದ್ರೀ ಈ ಕಾಲು?" ಎಂದು ಕೇಳಿದಳು. ಮನೆಯಲ್ಲಿ ಇರುವವರು ನಾವಿಬ್ಬರೇ. ಹದಿನೆಂಟು ವರ್ಷ ಒಬ್ಬ ಹೆಡ್‌ಮಾಸ್ತರನ ಜೊತೆ ಬಾಳಿದವಳ ಬುದ್ಧಿ ಇಷ್ಟು.

ಮೋನಪ್ಪ ಬಡಿಗೇರ ಬಂದು ನೋಡಿದ. ಎಂಟು ಹಲಗೆ ಹೋಗಿವೆ, ಉಳಿದ ನೆಲ ಗಟ್ಟಿಯಾಗಿದೆ. ಕೆಟ್ಟಷ್ಟನ್ನೇ ಜಂತಿಯವರೆಗೆ ಕೊಯ್ದು ತೆಗೆದು ಹೊಸದನ್ನು ಕೂರಿಸಬೇಕು. ನಮ್ಮಪ್ಪ ಹಾಕಿಸಿದ್ದು ದಾಂಡೇಲಿಯ ಸಾಗವಾನಿ. ಇಲ್ಲಿಯ ವ್ಯಾಪಾರಿ ಮಾವಿನ ಹಲಗೆಗೆ ಎಣ್ಣೆ ಬಳಿದು ಸಾಗವಾನಿ ಎನ್ನುತ್ತಾನೆ. ಗೋಕಾಕದಲ್ಲೊಬ್ಬ ಹಸಿ ಕಟ್ಟಿಗೆಯನ್ನು ಮುಂದಿಟ್ಟು ಮೂರು ವರ್ಷ ಒಣಗಿಸಿದ್ದೆಂದು ಆಣೆ ಮಾಡಿದ. ಕಳ್ಳರೊಳಗೆ ಕಡಿಮೆ ಕಳ್ಳ ನೀನೆಂದು ಮೋನಪ್ಪ ಹೇಳುತ್ತಾನೆ. ಆದ್ದರಿಂದ ಈ ಕಾಗದ.

ಹಲಗೆ ೮. ಒಂದೊಂದೂ ಉದ್ದ ೯ ಫೂಟು, ದಪ್ಪ ಒಂದೂವರೆ ಇಂಚು. ನೀನು ಹೆಬ್ಬೆಟ್ಟು ಒತ್ತುವ ಮನುಷ್ಯ. ಅಕ್ಷರವೂ ಅಂಕಿಯೂ ನಿನಗೆ ಒಂದೇ. ನಿನ್ನ ಗುಮಾಸ್ತನ ಕೈಯಲ್ಲಿ ಓದಿಸಿಕೋ.

ರಾಚಪ್ಪ
ಹೆಡ್‌ಮಾಸ್ತರ

*

ಮೂಡಲಗಿ
ತಾ. ೯-೫-೧೬೩೯

ರಾಚಪ್ಪ ಮಾಸ್ತರರಿಗೆ ಶರಣು.

ತಮ್ಮ ಕಾಗದ ಮುಟ್ಟಿತು. ಕಾಲು ಮುರಿಯದೆ ಉಳಿದದ್ದು ಒಳ್ಳೆಯದಾಯಿತು. ನೆಲ ಮುರಿದದ್ದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಸೋಜಿಗವಾಗಲಿಲ್ಲ.

ಒಣಗಿದ ಸಾಗವಾನಿ ನಮ್ಮಲ್ಲಿದೆ. ಕೊಯ್ಯಿಸಿ ಕಳಿಸುತ್ತೇವೆ. ಬೆಲೆ ಬೇಡ. ಅದರ ಬದಲಿಗೆ ಒಂದು ಮಾತು ನಡೆಸಿಕೊಡಬೇಕು. ನಮ್ಮ ಮಗಳು ಶೆಟ್ಟೆವ್ವ ಈ ವರ್ಷ ನಾಲ್ಕನೆಯ ಇಯತ್ತೆ ಮುಗಿಸಿದಳು. ಇಲ್ಲಿ ಹುಡುಗಿಯರ ಸಾಲೆ ಅಲ್ಲಿಗೇ ಮುಗಿಯುತ್ತದೆ. ಅವಳು ಏಳರವರೆಗೆ ಓದಿ ಮುಲ್ಕಿ ಪರೀಕ್ಷೆಗೆ ಕೂರಬೇಕು ಎನ್ನುತ್ತಾಳೆ. ನೆಲ ಸರಿಯಾದ ಮೇಲೆ ಆ ಮಹಡಿಯ ಮೇಲೆ ಅವಳಿಗೊಂದು ಹಾಸಿಗೆ ಹಾಕುವಷ್ಟು ಜಾಗ ಕೊಟ್ಟರೆ ಸಾಕು. ಜೋಳ, ತುಪ್ಪ ನಾವು ಕಳಿಸುತ್ತೇವೆ. ಜೂನದಲ್ಲಿ ಸಾಲೆ ಶುರುವಾಗುತ್ತದೆ. ಬೇರೆ ದಾರಿ ಇದ್ದಿದ್ದರೆ ತಮ್ಮನ್ನು ಕೇಳುತ್ತಿರಲಿಲ್ಲ.

ಇನ್ನೊಂದು ಕೇಳುವುದಿತ್ತು. ನೆಲ ಮುರಿದ ಜಾಗ ಯಾವುದು? ಕಾಳಿನ ಕಣಜದ ಬಾಜೂ ಇರುವುದೇ?

ತಮ್ಮ
ಲಗಮಪ್ಪ

*

ಹುಕ್ಕೇರಿ
ತಾ. ೧೦-೫-೧೯೩೬

ಲಗಮಪ್ಪನಿಗೆ,

ನಿನ್ನ ಕಾಗದದ ಮೇಲೆ ಒಂಬತ್ತನೆಯ ತಾರೀಖು ಇದೆ. ಅಂಚೆಯವನು ಅದನ್ನು ನನ್ನ ಕೈಗೆ ಕೊಟ್ಟದ್ದು ಎಂಟನೆಯ ತಾರೀಖು. ಬರೆಯುವ ಮುಂಚೆಯೇ ಮುಟ್ಟುವ ಕಾಗದವನ್ನು ನಾನು ಇದುವರೆಗೆ ಕಂಡಿರಲಿಲ್ಲ. ಆಮೇಲೆ ಇಸವಿ ನೋಡಿದೆ. ಹದಿನಾರುನೂರಾ ಮೂವತ್ತೊಂಬತ್ತು. ಆದಿಲಶಾಹಿ ಕಾಲದಲ್ಲಿ ಬರೆದದ್ದೆಂದು ತಿಳಿದ ಮೇಲೆ, ಬೇಗ ಮುಟ್ಟಿತಲ್ಲ ಎಂಬ ಅನುಮಾನ ಹೋಯಿತು. ನಮ್ಮ ಸಾಲೆಯ ಮಾಸ್ತರರಿಗೆಲ್ಲ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗುಮಾಸ್ತನನ್ನು ಇವತ್ತೇ ಬಿಡಿಸು.

ಮಗಳ ವಿಷಯ. ನನ್ನ ಮನೆ ಛತ್ರವಲ್ಲ. ಅಲ್ಲದೆ ಹುಡುಗಿಗೆ ಮುಲ್ಕಿ ಯಾತಕ್ಕೆ? ರೊಟ್ಟಿ ಬಡಿಯುವಾಗ ವ್ಯಾಕರಣ ಹೇಳಿಕೊಳ್ಳುವುದಕ್ಕೋ? ಅವಳ ತಾಯಿ ಬಾಳವ್ವನಿಗೆ ಒಂದಕ್ಷರ ಬರುವುದಿಲ್ಲ. ಅದರಿಂದ ನಿನ್ನ ಸಂಸಾರಕ್ಕೆ ಏನು ಕಡಿಮೆಯಾಯಿತು? ಸಣ್ಣವಳಿದ್ದಾಗಿನಿಂದಲೂ ಅವಳು ಕೆಲಸ ತಪ್ಪಿಸಿಕೊಂಡು ಮಹಡಿಯ ಮೇಲೆ ಬೋರಲು ಮಲಗುವ ಸೋಮಾರಿ. ಮಗಳೂ ಅದೇ ಜಾಗ ಹುಡುಕಿಕೊಂಡು ಹೊರಟಂತಿದೆ. ಹಲಗೆಯ ಬೆಲೆ ಎಷ್ಟೆಂದು ತಿಳಿಸು, ಕೊಟ್ಟು ಮುಗಿಸುತ್ತೇನೆ.

ನೆಲ ಮುರಿದದ್ದು ಕಣಜದ ಬಾಜೂ ಹೌದು. ನಿನಗೆ ಹೇಗೆ ಗೊತ್ತಾಯಿತೋ. ಮೋನಪ್ಪ ಅಲ್ಲಿ ಕಿತ್ತಾಗ ಅಂಗೈ ಅಗಲದ ಒಂದು ತಗಡು ಸಿಕ್ಕಿತು. ನಾಲ್ಕು ಮೊಳೆ ಹೊಡೆದಿದ್ದಾರೆ, ಒಂದು ಸೊಟ್ಟ. ಅದರ ಕೆಳಗೆ ಹಲಗೆಯ ಗಂಟು ಉದುರಿದ ತೂತು. ಮೋನಪ್ಪ ತಗಡನ್ನು ಕೈಯಲ್ಲಿ ಹಿಡಿದು, "ಇದನ್ನ ಬಡದಾಂವನ ನಿಮ್ಮ ನೆಲಾ ಕೆಡಿಸ್ಯಾನ್ರಿ ಮಾಸ್ತರ್ರ. ತೂತು ಹಂಗ ಬಿಟ್ಟಿದ್ರ ಕಟಗಿ ಗಾಳಿ ಆಡ್ಕೋತ ಚಂದಾಗಿ ಇರತಿತ್ತು. ಸೋರಿದ ನೀರು ಇದರ ಬುಡಕ ನಿಂತು ಕೊಳತೈತಿ, ಹಿಂದಿಂದ ಗೊರಲಿ ಹುಳಾ ಹತ್ತೇತಿ" ಎಂದ. ಯಾವ ಕತ್ತೆಯ ಕೆಲಸವೋ. ಅಪ್ಪನ ಕಾಲದ ಆಳುಗಳಲ್ಲಿ ತಲೆಯಿದ್ದವನು ಒಬ್ಬನೂ ಇರಲಿಲ್ಲ.

ರಾಚಪ್ಪ

*

ಮೂಡಲಗಿ
ತಾ. ೧೯-೫-೧೬೩೯

ರಾಚಪ್ಪ ಮಾಸ್ತರರಿಗೆ ಶರಣು.

ಹಲಗೆ ಹೇರಿದ ಬಂಡಿ ಇವತ್ತು ಹೊರಟಿತು. ಬೀರಸಿದ್ದಪ್ಪ ಹೊಡೆದುಕೊಂಡು ಬರುತ್ತಾನೆ. ಘೋಡಗೇರಿಯಲ್ಲಿ ವಸ್ತಿ ಮಾಡಿ ನಾಡಿದ್ದು ಮುಟ್ಟುತ್ತಾನೆ. ತಾವು ಬರೆದ ಅಳತೆಗೆ ಒಂದು ನೂಲು ಹೆಚ್ಚುಕಡಿಮೆ ಇಲ್ಲ, ನಿಂತು ಕೊಯ್ಯಿಸಿದೆ.

ಗುಮಾಸ್ತನನ್ನು ಬಿಡಿಸಲು ಬರುವಂತಿಲ್ಲ.

ಶೆಟ್ಟೆವ್ವನಿಗೆ ಜಾಗ ಇಲ್ಲವೆಂದು ಬರೆದಿದ್ದೀರಿ. ಒಂದು ಸಲ ಕೇಳಿದೆವು. ಇನ್ನೊಂದು ಸಲ ಕೇಳುತ್ತಿದ್ದೇವೆ. ಮೂರನೆಯ ಸಲ ಕೇಳುವುದಿಲ್ಲ.

ತಗಡು ಹೊಡೆದ ಕತ್ತೆ ಯಾರೆಂದು ಬಾಳವ್ವನಿಗೆ ಗೊತ್ತಿದೆಯಂತೆ. ತಾವು ಕೇಳಿದರೆ ಹೇಳುತ್ತಾಳೆ.

ತಮ್ಮ
ಲಗಮಪ್ಪ

*

ಹುಕ್ಕೇರಿ
ತಾ. ೨೧-೫-೧೯೩೬

ಲಗಮಪ್ಪನಿಗೆ,

ಬಂಡಿ ಬಂತು. ಮೋನಪ್ಪ ಮೊದಲನೆಯ ಹಲಗೆಯನ್ನು ಮೇಲೆ ಒಯ್ದು ಹಾಕಿ ನೋಡಿದ, ತಿರುವಿ ಹಾಕಿ ನೋಡಿದ, ಆಮೇಲೆ ಕೆಳಗಿಳಿದು ಬಂದು, "ಮಾಸ್ತರ್ರ, ಇದು ಗಿಡ್ಡ ಆತಲ್ರಿ" ಎಂದ. ನಾನೇ ಅಳೆದೆ. ಆರು ಫೂಟು. ಎಂಟಕ್ಕೆ ಎಂಟೂ ಆರು ಫೂಟು.

ನಮ್ಮ ಮನೆಯಲ್ಲಿ ಜಂತಿಯಿಂದ ಜಂತಿಗೆ ನಾಲ್ಕೂವರೆ ಫೂಟು. ಒಂಬತ್ತು ಫೂಟಿನ ಹಲಗೆ ಮೂರು ಜಂತಿಗಳ ಮೇಲೆ ಮೈ ಚಾಚಿ ಕೂರುತ್ತದೆ. ಆರು ಫೂಟಿನದು ಎರಡನೆಯ ಜಂತಿ ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಅದರ ತುದಿಗೆ ಕಾಲಿಟ್ಟರೆ ಈ ಸಲ ನನ್ನ ಎರಡೂ ಕಾಲು ಪಡಸಾಲೆಗೆ ಇಳಿದು, ಲಕ್ಕವ್ವನಿಗೆ ಎರಡು ಪ್ರಶ್ನೆ ಕೇಳುವ ಪ್ರಸಂಗ ಬರುತ್ತದೆ.

ನಮ್ಮ ಅಂಕಿಗಳಲ್ಲಿ ಆರಕ್ಕೂ ಒಂಬತ್ತಕ್ಕೂ ಇರುವ ಫರಕು ಒಂದು ಬಾಲ. ಬಾಲ ಯಾವ ಕಡೆ ತಿರುಗುತ್ತದೆ ಎಂಬುದನ್ನು ಒಂದನೆಯ ಇಯತ್ತೆಯ ಹುಡುಗರು ಎಂಟು ದಿನದಲ್ಲಿ ಕಲಿಯುತ್ತಾರೆ, ಕಲಿಯದವರಿಗೆ ನಾನು ಛಡಿಯಿಂದ ಕಲಿಸುತ್ತೇನೆ. ನಿನ್ನ ಮನೆಯಲ್ಲಿ ಅದೂ ಗೊತ್ತಿಲ್ಲ. ಈಗ ಆ ತಾರೀಖಿನ ಗುಟ್ಟೂ ತಿಳಿಯಿತು. ಇಂಥ ಮನೆಯ ಹುಡುಗಿ ಮುಲ್ಕಿಗೆ ಕೂರುತ್ತಾಳಂತೆ. ಎರಡನೆಯ ಸಲ ಕೇಳಿದ್ದಕ್ಕೆ ಎರಡನೆಯ ಸಲ ಹೇಳುತ್ತೇನೆ, ಜಾಗವಿಲ್ಲ.

ಬಾಳವ್ವನಿಗೆ ಏನೋ ಗೊತ್ತಂತೆ. ಅವಳಿಗೆ ಏನು ಗೊತ್ತಿರಲು ಸಾಧ್ಯ? ನನಗೆ ತಿಳಿಯಬೇಕಾದದ್ದು ಬೇರೆ. ನಿನ್ನ ಗುಮಾಸ್ತನ ಹೆಸರೇನು, ಯಾವ ಸಾಲೆಯಲ್ಲಿ ಕಲಿತ, ಯಾವ ಮಾಸ್ತರ ಕಲಿಸಿದ ಎಂದು ಬರೆದು ಕಳಿಸು. ಆ ಮಾಸ್ತರನಿಗೆ ನಾಲ್ಕು ಮಾತು ಬರೆಯುವವನಿದ್ದೇನೆ.

ರಾಚಪ್ಪ

*

ಮೂಡಲಗಿ
ಸೋಮವಾರ, ಕಾರಹುಣ್ಣಿಮೆಗೆ ನಾಲ್ಕು ದಿನ ಮುಂಚೆ

ಅಣ್ಣಾ,

ಅಂಕಿಯಲ್ಲಿ ತಾರೀಖು ಹಾಕುವ ಧೈರ್ಯ ಇವತ್ತು ನನಗಿಲ್ಲ.

ಗುಮಾಸ್ತನ ಹೆಸರು ಕೇಳಿದ್ದೀ. ಬಾಳವ್ವ. ಇವರಿಗೆ ಅಕ್ಷರ ಬರುವುದಿಲ್ಲ, ಅದು ಖರೆ. ವಖಾರಿಯ ಕಾಗದಪತ್ರವೆಲ್ಲ ಇಪ್ಪತ್ತು ವರ್ಷದಿಂದ ನಾನೇ ಬರೆಯುತ್ತೇನೆ. ಅಳತೆ, ಲೆಕ್ಕ ಮಾತ್ರ ಇವರದು, ಗಂಟು ಹಾಕಿದ ಹಗ್ಗದ ಮೇಲೆ. ಗಿರಾಕಿಗಳು ಬಂದು ಬಾಯಿಂದ ಹೇಳುತ್ತಾರೆ, ಇವರು ಹಗ್ಗ ಹಿಡಿಯುತ್ತಾರೆ. ಅಳತೆಯನ್ನು ಅಂಕಿಯಲ್ಲಿ ಬರೆದು ಕಳಿಸುವ ದೊಡ್ಡಸ್ತಿಕೆ ನಿನ್ನೊಬ್ಬನದೇ. ನಿನ್ನ ಮೊದಲ ಕಾಗದವನ್ನು ಓದಿ ಹೇಳಿದಾಗ ಇವರು, "ನಿಮ್ಮ ಅಣ್ಣಗ ನೀನ ಬರಿ. ಹೆಸರು ಮಾತ್ರ ನಂದ ಹಾಕು, ನಿನ್ನ ಹೆಸರು ಕಂಡ್ರ ಒಡದು ಸುದ್ದಾ ನೋಡಾಂಗಿಲ್ಲ ಅಂವ" ಎಂದರು. ಅವರು ಹೇಳಿದಂತೆ ಮಾಡಿದೆ.

ಸಾಲೆ ಯಾವುದೆಂದು ಕೇಳಿದ್ದೀ. ನಮ್ಮ ಮನೆಯ ಮಹಡಿ. ಮಾಸ್ತರ ಯಾರೆಂದರೆ, ನಿನಗೆ ಕಲಿಸಲು ಮನೆಗೆ ಬರುತ್ತಿದ್ದ ಅಯ್ಯನವರು. ನಾನು ಆರು ವರ್ಷದವಳು, ನೀನು ಒಂಬತ್ತು. ಅವರು ಪಡಸಾಲೆಯಲ್ಲಿ ಮರಳು ಹರವಿ ನಿನ್ನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಒಂಬತ್ತು ತುಂಬಿದರೂ ನಿನ್ನ ಬೆರಳು ಮರಳು ಬಿಟ್ಟು ಮೇಲೆದ್ದಿರಲಿಲ್ಲ ಎಂಬುದನ್ನು ನಿನ್ನ ಸಾಲೆಯ ಮಾಸ್ತರರಿಗೆ ಹೇಳಿದ್ದೀಯೋ ಇಲ್ಲವೋ. ನನ್ನನ್ನು ಮಹಡಿಯ ಮೇಲೆ ಒಣಹಾಕಿದ ಬೇಳೆ ಕಾಯಲು ಕೂರಿಸುತ್ತಿದ್ದರು. ಅಲ್ಲಿ ಹಲಗೆಯ ಗಂಟು ಉದುರಿ ತೂತಾಗಿತ್ತು. ಬೋರಲು ಮಲಗಿ ಅದಕ್ಕೆ ಒಂದು ಕಣ್ಣು ಹಚ್ಚಿದರೆ ನಿನ್ನ ಮರಳು ಕಾಣುತ್ತಿತ್ತು. ನೀನು ಸೋಮಾರಿ ಎಂದು ಬರೆದದ್ದು ಆ ಮಲಗುವುದನ್ನೇ.

ಒಂದು ಕಡೆ ಕಣಜವಿತ್ತು, ಹೀಗಾಗಿ ಮಲಗಲು ಒಂದೇ ದಿಕ್ಕು. ಆ ದಿಕ್ಕಿನಿಂದ ನಿನ್ನ ಅಕ್ಷರಗಳೆಲ್ಲ ನನಗೆ ತಲೆಕೆಳಗಾಗಿ ಕಾಣುತ್ತಿದ್ದವು. ಕಂಡದ್ದನ್ನು ಕಂಡ ಹಾಗೆಯೇ ಒಲೆಯ ಬೂದಿಯಲ್ಲಿ ಬರೆದು, ಎದ್ದು ಆ ಕಡೆ ಹೋಗಿ ಕೂತು ನೋಡುತ್ತಿದ್ದೆ. ಹೀಗೆ ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿಕೊಂಡೆ. ಅಕ್ಷರ ಮುಗಿದು ಅಯ್ಯನವರು ಅಂಕಿಗೆ ಬಂದಿದ್ದರು. ಆಗ ಒಂದು ದಿನ ನೀನು ತಲೆ ಎತ್ತಿ ಮೇಲೆ ನೋಡಿದೆ. ನನ್ನ ಕಣ್ಣು ಕಂಡೆ.

ನೀನು ಅಪ್ಪನಿಗೆ ಇಲಿಯ ತೂತು ಎಂದು ಹೇಳಿದೆ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿಕೊಂಡು ಬಂದು ನೀನೇ ಹೊಡೆದೆ. ನಾನು ಬಾಜೂ ನಿಂತು ನೋಡಿದೆ. ನಾಲ್ಕನೆಯ ಮೊಳೆ ಸೊಟ್ಟಾಗಿ ಸುತ್ತಿಗೆ ನಿನ್ನ ಹೆಬ್ಬೆರಳಿಗೆ ಬಿತ್ತು. ಅರಿಷಿಣ ಮೆತ್ತಿ ಬಟ್ಟೆ ಕಟ್ಟಿದವಳು ನಾನು. ಎಡಗೈಯ ಆ ಉಗುರು ಈಗಲೂ ಎರಡಾಗಿ ಬೆಳೆಯುತ್ತಿರಬೇಕು. ಅಪ್ಪ ಲಿಂಗೈಕ್ಯರಾದಾಗ ಹತ್ತು ಮಂದಿಯ ಮುಂದೆ ನನ್ನ ಗಂಡನ ಹೆಬ್ಬೆಟ್ಟಿನ ಮಾತೆತ್ತಿ ನಕ್ಕು, ಅವರನ್ನು ಬಾಗಿಲ ಹತ್ತಿರ ಊಟಕ್ಕೆ ಕೂರಿಸಿದೆ. ಒಮ್ಮೆ ನಿನ್ನ ಹೆಬ್ಬೆಟ್ಟನ್ನೂ ನೋಡಿಕೋ.

ತಗಡು ಹೊಡೆದವರು ಏನೆಂದು ನಾನು ಬರೆಯುವುದಿಲ್ಲ. ನೀನು ಬರೆದಾಗಿದೆ.

ನೀನು ತೂತು ಮುಚ್ಚಿದಾಗ ನೆಟ್ಟಗೆ ಮಾಡಿಕೊಳ್ಳದೆ ಉಳಿದದ್ದು ಆರು, ಒಂಬತ್ತು. ಹೋದ ವರ್ಷ ಶೆಟ್ಟೆವ್ವ, "ಯವ್ವಾ, ಇದು ಆರಲ್ಲ, ಒಂಬತ್ತು" ಎಂದಿದ್ದಳು. "ನಿಮ್ಮ ಮಾಸ್ತರಗ ಏನ ಗೊತ್ತೈತಿ" ಎಂದು ಅವಳನ್ನೇ ಬೈದೆ. ಆ ದಿನ ನಾನು ಥೇಟ್ ನಿನ್ನ ಹಾಗೆ ಮಾತಾಡಿದೆ. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ತಪ್ಪು ಹಲಗೆ ಕಳಿಸಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ನನ್ನ ಮಗಳು ತೂತಿಗೆ ಕಣ್ಣು ಹಚ್ಚಿ ಕಲಿಯಬಾರದು. ಎಲ್ಲರ ಹಾಗೆ ಬೆಳಕಿನಲ್ಲಿ ಕೂತು ಕಲಿಯಬೇಕು. ಅಷ್ಟಕ್ಕೆ ನಿನ್ನಂಥವನ ಮುಂದೆ ಕೈ ಒಡ್ಡಬೇಕಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ನಿನ್ನ ತಂಗಿ
ಬಾಳವ್ವ

*

ಮೂಡಲಗಿ
ಕಾರಹುಣ್ಣಿಮೆಯಾದ ಮೇಲಿನ ಶುಕ್ರವಾರ

ಅಣ್ಣಾ,

ಹನ್ನೊಂದು ದಿನ ಕಾದೆ. ನೀನು ಬರೆಯಲಿಲ್ಲ. ಬರೆಯಲು ನಿನ್ನ ಹತ್ತಿರ ಏನೂ ಇಲ್ಲವೆಂದು ತಿಳಿದುಕೊಂಡೆ.

ಹಬ್ಬ ಮುಗಿದು ಎತ್ತುಗಳ ದಣಿವಾರಿದ ಮೇಲೆ ಬಂಡಿ ಹೂಡಿದ್ದೇವೆ. ಎಂಟು ಹಲಗೆ ಬರುತ್ತಿವೆ. ಈ ಸಲ ನಿನ್ನ ಕಾಗದದ ಅಂಕಿ ಓದಿದವಳು ಶೆಟ್ಟೆವ್ವ, ಹಗ್ಗ ಹಿಡಿದವರು ಇವರು. ಹಲಗೆಗಳ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಶೆಟ್ಟೆವ್ವ ಕೂತಿದ್ದಾಳೆ. ಮೂರನೆಯ ಸಲ ಕೇಳುವುದಿಲ್ಲ ಎಂದಿದ್ದೆ, ಕೇಳುತ್ತಿಲ್ಲ. ಹಲಗೆ ಇಳಿಸಿಕೊಂಡರೆ ಹುಡುಗಿಯನ್ನೂ ಇಳಿಸಿಕೋ. ಅವಳು ಬೇಡವಾದರೆ ಹಲಗೆಯನ್ನೂ ಮುಟ್ಟಬೇಡ. ಎರಡನ್ನೂ ತಿರುಗಿ ತರಲು ಬೀರಸಿದ್ದಪ್ಪನಿಗೆ ಹೇಳಿದ್ದೇನೆ.

ಬಾಳವ್ವ

*

ಹುಕ್ಕೇರಿ

ಚಿ. ಸೌ. ಬಾಳವ್ವನಿಗೆ,

ಬಂಡಿ ಬರಿದಾಗಿ ಬಂದದ್ದನ್ನು ಕಂಡಾಗಲೇ ನಿನಗೆ ಉತ್ತರ ಸಿಕ್ಕಿರಬೇಕು. ಹಲಗೆಗಳನ್ನು ನಾನು ಇಳಿಸಿಕೊಂಡೆ. ಹುಡುಗಿಯನ್ನು ಲಕ್ಕವ್ವ ಇಳಿಸಿಕೊಂಡಳು. ನನ್ನನ್ನು ಕೇಳಲಿಲ್ಲ. "ನೀವು ಕಟಗಿ ನೋಡ್ಕೋರಿ" ಎಂದು ಹೇಳಿ ಒಳಗೆ ಕರೆದೊಯ್ದಳು.

ನಿನ್ನ ಮಗಳು ಬಾಯಿಬಡಕಿ. ಬಂದ ಮರುದಿನವೇ ಮೋನಪ್ಪನಿಗೆ ಹಲಗೆ ಹೇಗೆ ಕೂರಿಸಬೇಕೆಂದು ಹೇಳಲು ನಿಂತಳು. ಕೈಬರಹ ಕೋಳಿ ಕೆರೆದಂತಿದೆ, ಲೆಕ್ಕ ನಡೆದೀತು. ಐದನೆಯ ಇಯತ್ತೆಗೆ ಹೆಸರು ಹಚ್ಚಿದ್ದೇನೆ. ಹುಡುಗಿಯರಿಗೆ ಮುಲ್ಕಿ ಬೇಕೆಂದು ನಾನು ಒಪ್ಪಿದ್ದೇನೆಂದು ತಿಳಿಯಬೇಡ. ಇವಳನ್ನು ಸುಮ್ಮನೆ ಕೂರಿಸಲು ಬೇರೆ ದಾರಿ ಕಾಣಲಿಲ್ಲ.

ನಿನ್ನ ದೊಡ್ಡ ಕಾಗದ ಬಂದ ದಿನ ಉಗುರು ನೋಡಿಕೊಂಡೆ. ಎರಡಾಗಿಯೇ ಇದೆ. ಯಾವುದೋ ಹುಡುಗ ಸಾಲೆಯ ಬಾಗಿಲು ಹಾಕುವಾಗ ಬೆರಳು ಸಿಕ್ಕಿ ಹೀಗಾಯಿತೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೆ, ನಾನೂ ಹಾಗೆಯೇ ನಂಬಿದ್ದೆ. ತಾರೀಖು ನೋಡಿ ನಕ್ಕ ಮಾಸ್ತರರಿಗೆ, ಅದು ನನ್ನ ತಂಗಿಯ ಕೈಬರಹ, ಅವಳು ಕಲಿತದ್ದು ಹೀಗೆ ಎಂದು ಹೇಳಬೇಕೆಂದು ಎರಡು ದಿನ ಹೋದೆ. ಎರಡು ದಿನವೂ ಹೇಳದೆ ಬಂದೆ. ನಾನು ಅಷ್ಟು ದೊಡ್ಡ ಮನುಷ್ಯನಲ್ಲ ಎಂಬುದು ನಿನಗೆ ಮೊದಲೇ ಗೊತ್ತಿತ್ತು, ನನಗೆ ಈಗ ಗೊತ್ತಾಯಿತು.

ನೆಲ ಮುಗಿಯಿತು. ಹೊಸ ಹಲಗೆ ಹಳೆಯದರ ಜೊತೆ ಬೆರಳು ತೂರದಂತೆ ಕೂತಿದೆ, ಬಣ್ಣ ಮಾತ್ರ ಬೇರೆ. ಕಣಜದ ಬಾಜೂ ಬಿದ್ದ ಹಲಗೆಯಲ್ಲಿ ಒಂದು ಗಂಟಿದೆ. "ಇದು ಮುಂದ ಉದರತೈತ್ರಿ. ಈಗ ಒಂದು ತಗಡ ಬಡದ ಬಿಡ್ಲೇನ್ರಿ?" ಎಂದು ಮೋನಪ್ಪ ಕೇಳಿದ. ಅವನಿಗೆ ಏನೂ ಗೊತ್ತಿಲ್ಲ, ಸಹಜವಾಗಿ ಕೇಳಿದ. ಬೇಡವೆಂದೆ.

ನಿನ್ನ ಆರು ಫೂಟಿನ ಹಲಗೆಗಳನ್ನು ತಿರುಗಿ ಕಳಿಸುವುದಿಲ್ಲ. ಅವುಗಳಲ್ಲಿ ಮೋನಪ್ಪ ಒಂದು ಬಾಕು ಮಾಡಿದ್ದಾನೆ, ಇಬ್ಬರು ಕೂರುವಷ್ಟು ಉದ್ದದ್ದು. ಅದನ್ನು ಪಡಸಾಲೆಯಲ್ಲಿ ಹಾಕಿಸಿದ್ದೇನೆ. ಸಂಜೆ ಹುಡುಗಿ ಅಲ್ಲಿ ನನ್ನ ಹತ್ತಿರ ಓದುತ್ತಾಳೆ. ಮೊದಲನೆಯ ದಿನ ನನ್ನ ಎದುರಿಗೆ ನೆಲದ ಮೇಲೆ ಕೂತಳು. ಎದುರಿಗೆ ಕೂತರೆ ನಾನು ಬರೆದದ್ದು ತಲೆಕೆಳಗಾಗಿ ಕಾಣುತ್ತದೆ. ಎಬ್ಬಿಸಿ ನನ್ನ ಬಾಜೂ ಕೂರಿಸಿಕೊಂಡೆ.

ದಸರೆಗೆ ಬಾ. ಲಗಮಪ್ಪನೂ ಬರಲಿ, ಊಟಕ್ಕೆ ನನ್ನ ಪಕ್ಕ ಕೂರಲಿ. ಮಹಡಿಯ ಮೇಲೆ ಹಾಸಿಗೆ ಹಾಕಿಸುತ್ತೇನೆ, ನೆಲ ತಡೆಯುತ್ತದೆ.

ತಾರೀಖು ಮೇಲೆ ಹಾಕುವುದು ಮರೆತೆ, ಕೆಳಗೆ ಹಾಕಿದ್ದೇನೆ. ನಿನ್ನ ಮಗಳು ಹೆಗಲ ಮೇಲಿಂದ ಇಣುಕಿ ನೋಡಿ, "ಮಾಂವಾ, ತಪ್ಪ ಬರದೀರಿ" ಎಂದಳು. ಸುಮ್ಮನಿರು, ನಿಮ್ಮವ್ವನಿಗೆ ಇದು ಸರಿಯಾಗಿ ಓದಲು ಬರುತ್ತದೆ ಎಂದೆ.

ನಿನ್ನ ಅಣ್ಣ
ರಾಚಪ್ಪ

ತಾ. ೨೯-೯-೧೬೩೯